ಹನ್ನೊಂದು ಮೇಕೆ, ಒಂದು ಸೀನು

ಸಮುದ್ರದ ಆಚೆ ದಡದಲ್ಲಿದ್ದ ಆ ಊರಿಗೆ ಹೆಸರಿರಲಿಲ್ಲ. ಬಂದವರೆಲ್ಲ ತಂತಮ್ಮ ಮಾತಿನಲ್ಲಿ ಒಂದೊಂದು ಹೆಸರಿಟ್ಟರು. ಒಬ್ಬರಿಟ್ಟ ಹೆಸರು ಇನ್ನೊಬ್ಬರ ನಾಲಿಗೆಗೆ ಹೊರಳಲಿಲ್ಲ. ಕೊನೆಗೆ ಎಲ್ಲರೂ ಸೋತು ‘ಇಲ್ಲಿ’ ಎಂದಷ್ಟೇ ಕರೆಯತೊಡಗಿದರು. ಇಲ್ಲಿಯ ದಿಬ್ಬದ ಮೇಲೆ ದೀಪದ ಮನೆಯಿತ್ತು. ದೇವರಿಗೆ ತಮ್ಮನ್ನು ಕೊಟ್ಟುಕೊಂಡ ಇಪ್ಪತ್ತು ಹೆಂಗಸರು ಇಪ್ಪತ್ತು ನಾಡಿನಿಂದ ಬಂದು ಅಲ್ಲಿ ಸೇರಿದ್ದರು. ಬಾಗಿಲ ಮೇಲಿನ ಕಲ್ಲಿನಲ್ಲಿ ಒಂದೇ ಒಂದು ಕಟ್ಟಳೆ ಕೊರೆದಿತ್ತು: ಇಲ್ಲಿ ಸೇರಿಸಬಹುದು, ಕಳೆಯಬಾರದು.

ಆ ಮನೆ ಕಟ್ಟಿದವಳು ಮೊದಲಮ್ಮ. ಕಟ್ಟಿದ್ದು ಊರಿನ ಕೂಸುಗಳಿಗೆ ಹಾಲು ಕೊಡಲು. ದಿನಾ ಬೆಳಿಗ್ಗೆ ಅವಳು ದೀಪ ಹಚ್ಚುತ್ತಿದ್ದಳು, ಅದೇ ದೀಪದಿಂದ ಒಲೆ ಹೊತ್ತಿಸುತ್ತಿದ್ದಳು, ಒಲೆಯ ಮೇಲೆ ಹಾಲಿನ ತಪ್ಪಲೆ ಇಟ್ಟು ಪ್ರಾರ್ಥನೆಗೆ ಕೂರುತ್ತಿದ್ದಳು. ಅವಳ ಪ್ರಾರ್ಥನೆ ಹಾಲು ಕಾಯುವಷ್ಟೇ ಉದ್ದವಿತ್ತು. ಹಾಲು ಕಾಯುವ ಹೊತ್ತಿಗೆ ಅವಳಿಗೂ ಸಾಕಾಗಿರುತ್ತಿತ್ತು, ದೇವರಿಗೂ ಸಾಕಾಗಿರುತ್ತಿತ್ತು.

ಆಮೇಲೆ ಇಬ್ಬರು ಬಂದರು. ದೀಪದ ಮುಂದೆ ನಿಂತು ಕೈಮುಗಿಯಬೇಕು ಎಂದಳು ಒಬ್ಬಳು. ಮಂಡಿಯೂರಬೇಕು ಎಂದಳು ಇನ್ನೊಬ್ಬಳು. ಜುಟ್ಟು ಜುಟ್ಟು ಹಿಡಿಯುವುದೊಂದು ಬಾಕಿ. ಮೊದಲಮ್ಮ, “ಮೊದಲು ನಿಲ್ಲಿ, ಆಮೇಲೆ ಮಂಡಿಯೂರಿ. ಯಾರದ್ದನ್ನೂ ಕಳೆಯೋದು ಬೇಡ” ಎಂದಳು. ಒಳ್ಳೆಯ ಮಾತು. ಆಡಿದವಳು ಸತ್ತುಹೋದಳು, ಮಾತು ಕಲ್ಲಿಗೇರಿತು.

ಕಲ್ಲಿಗೇರಿದ ಮಾತನ್ನು ಯಾರು ಇಳಿಸುತ್ತಾರೆ? ಬಂದವರೆಲ್ಲ ಒಂದೊಂದು ಸೇರಿಸಿದರು. ಹಿಮದ ನಾಡಿನವಳು ಪ್ರಾರ್ಥನೆಗೆ ಮುಂಚೆ ಏಳು ಸಲ ಕಾಲು ಕುಟ್ಟುವುದನ್ನು ತಂದಳು. ಅವರ ಕಡೆ ಪಾದಕ್ಕೆ ಹಿಮ ಮೆತ್ತಿರುತ್ತದೆ, ಕೊಡವಿಕೊಳ್ಳಬೇಕು. ಇಲ್ಲಿ ಹಿಮ ಕಂಡವರಿಲ್ಲ, ಆದರೂ ಇಪ್ಪತ್ತು ಜೊತೆ ಕಾಲು ದಿನಾ ಕುಟ್ಟುತ್ತಿದ್ದವು. ಮರಳಿನ ನಾಡಿನವಳು ಮರಳಿನಲ್ಲಿ ಕೈತೊಳೆಯುವುದನ್ನು ತಂದಳು. ಅವರ ಕಡೆ ನೀರಿಲ್ಲ. ಇಲ್ಲಿ ಬಾಗಿಲಲ್ಲೇ ಬಾವಿ. ಹಾಗಾಗಿ ಮರಳಿನಲ್ಲಿ ಕೈ ತೊಳೆದು, ಆ ಮರಳು ಹೋಗಲೆಂದು ನೀರಿನಲ್ಲಿ ತೊಳೆಯುತ್ತಿದ್ದರು. ದ್ವೀಪದವಳು ಶಂಖ ಊದಿ ಮರುದನಿಗೆ ಕಾಯುವುದನ್ನು ತಂದಳು. ಅವಳ ಕಡೆ ಪಕ್ಕದ ದ್ವೀಪದವರು ತಿರುಗಿ ಊದುತ್ತಾರಂತೆ. ಇಲ್ಲಿ ಊದುವವರು ಯಾರು? ಇಪ್ಪತ್ತು ಜನ ಕಿವಿಗೆ ಕೈಯಿಟ್ಟು ಕಾಯುವರು, ಕಾಯುವರು, ಕೊನೆಗೆ ಯಾವುದೋ ಕಾಗೆ ಕರುಣೆಯಿಂದ ‘ಕಾ’ ಎಂದರೆ ಅದನ್ನೇ ಮರುದನಿಯೆಂದು ಒಪ್ಪಿಕೊಂಡು ಮುಂದುವರಿಯುವರು.

ಎಲ್ಲಕ್ಕಿಂತ ಹಳೆಯದು ಮೇಕೆಯದು. ಯಾವ ಕಾಲದಲ್ಲೋ ಬೆಟ್ಟದ ನಾಡಿನಿಂದ ಮೇಕೆ ಕಾಯುವವಳೊಬ್ಬಳು ಬಂದಿದ್ದಳಂತೆ. ಪ್ರಾರ್ಥನೆಯ ನಡುವೆ ತಿರುಗಿ ಮೇಕೆ ಎಣಿಸುವುದು ಅವಳಿಗೆ ರೂಢಿ. ಅವಳು ಸತ್ತು ನೂರು ವರ್ಷವಾದರೂ, ಪ್ರತಿ ಚರಣದ ಕೊನೆಗೆ ಎಲ್ಲರೂ ಎಡಭುಜದ ಮೇಲಿಂದ ಹಿಂದೆ ನೋಡಿ, ಒಂದರಿಂದ ಹನ್ನೊಂದರವರೆಗೆ ಎಣಿಸಿ, “ಎಲ್ಲಾ ಇವೆ” ಎಂದು ನಿಟ್ಟುಸಿರುಬಿಟ್ಟು ಮುಂದಕ್ಕೆ ತಿರುಗಬೇಕು. ಹಿಂದೆ ಬರೀ ಗೋಡೆ.

ಹೀಗೆ ಸೂರ್ಯ ಹುಟ್ಟುವಾಗ ಶುರುವಾದ ಪ್ರಾರ್ಥನೆ ಮುಗಿಯುವಾಗ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ದೀಪ ಮತ್ತು ಒಲೆ ಒಟ್ಟಿಗೇ ಹೊತ್ತಬೇಕು, ಅದು ಮೊದಲಮ್ಮನ ಪದ್ಧತಿ. ನಡುವೆ ಯಾರೂ ಏಳುತ್ತಿರಲಿಲ್ಲ, ಏಳಿ ಎಂದು ಯಾವ ಪದ್ಧತಿಯೂ ಹೇಳಿರಲಿಲ್ಲ. ಹಾಲಿಗೆ ಯಾವ ಪದ್ಧತಿಯೂ ಗೊತ್ತಿಲ್ಲ. ಅದು ತನ್ನ ಹೊತ್ತಿಗೆ ಉಕ್ಕುತ್ತಿತ್ತು, ಚೆಲ್ಲುತ್ತಿತ್ತು, ತಳ ಹಿಡಿಯುತ್ತಿತ್ತು. ಊರಿನ ತಾಯಂದಿರು ಕೂಸು ಎತ್ತಿಕೊಂಡು ಮಧ್ಯಾಹ್ನದ ತನಕ ಕಾದು ಬಾಗಿಲಿಗೆ ಬಂದು, ತಳದಲ್ಲಿ ಉಳಿದ ಕರಕಲನ್ನು ತಂಬಿಗೆಗೆ ಹಾಕಿಸಿಕೊಂಡು ಹೋಗುತ್ತಿದ್ದರು. ಹಾಲಿನ ಬಣ್ಣ ಕಂದು ಎಂದೇ ಆ ಊರಿನ ಮಕ್ಕಳು ತಿಳಿದಿದ್ದವು.

ಅಂಥ ಮನೆಗೆ, ವರ್ಷಕ್ಕೊಮ್ಮೆ ಬರುವ ದೋಣಿಯಲ್ಲಿ, ಹುಣಸೆಮರಗಳ ನಾಡಿನಿಂದ ಹೊಸಬಳು ಬಂದಳು.

ಹೊಸಬಳಿಗೆ ತಾಯಿಯ ಮುಖ ಗೊತ್ತಿರಲಿಲ್ಲ. ಅವಳು ಬೆಳೆದದ್ದು ಬೀದಿಯ ಹಾಲಿನಲ್ಲಿ. ಬೆಳಿಗ್ಗೆ ಒಂದು ಮನೆ, ಸಂಜೆ ಇನ್ನೊಂದು ಮನೆ. ಹಸುವಿನದು, ಎಮ್ಮೆಯದು, ಎದೆಯದು. ಆಮೇಲೆ ಸೋದರತ್ತೆಯೊಬ್ಬಳು ಬಂದು ಸಾಕಿಕೊಂಡಳು. ಸಮುದ್ರ ದಾಟಿ ಬಂದವರು ಯಾರೋ ದೀಪದ ಮನೆಯ ಸುದ್ದಿ ಹೇಳಿದಾಗ ಹೊಸಬಳು, “ಅತ್ತೆ, ನಾನೂ ಅಲ್ಲಿ ನಿಂತು ಹಾಲು ಹಾಕಬೇಕು” ಎಂದಿದ್ದಳು. ಬಂದದ್ದು ಅಷ್ಟಕ್ಕೇ. ಉಳಿಯಲು ಬೇಕಾದದ್ದೂ ಒಂದೇ: ಮುಂದಿನ ದೋಣಿ ಬರುವುದರೊಳಗೆ ತನ್ನ ನಾಡಿನ ಪದ್ಧತಿಯೊಂದನ್ನು ಸೇರಿಸಬೇಕು. ಸೇರಿಸಿದರೆ ಬಿಳಿ ಬಟ್ಟೆ, ಹಾಲಿನ ಸೌಟು. ಇಲ್ಲದಿದ್ದರೆ ಅದೇ ದೋಣಿಯಲ್ಲಿ ವಾಪಸ್ಸು.

ಮೊದಲ ದಿನವೇ ಎಡವಟ್ಟಾಯಿತು. ಕಾಲು ಕುಟ್ಟಿದಾಗ ಎದ್ದ ಧೂಳು ಮೂಗಿಗೆ ಹೋಗಿ, ಮೂರನೆಯ ಚರಣದ ಹೊತ್ತಿಗೆ ಹೊಸಬಳು ಸೀನಿದಳು. ಮೂಲೆಯಲ್ಲಿ ಓಲೆಗರಿ ಹಿಡಿದು ಕೂತಿದ್ದ ಬರೆಯುವಮ್ಮ ತಲೆಯೆತ್ತಿದಳು. ಹೊಸಬರು ದೀಪದ ಮುಂದೆ ಏನು ಮಾಡಿದರೂ ಗೀರಿಡುವುದು ಅವಳ ಕೆಲಸ. ಕರ್ ಕರ್ ಎಂದು ಗೀರಿದಳು: ಮೂರನೆಯ ಚರಣದ ನಂತರ, ಒಂದು ಸೀನು.

“ಅಕ್ಕಾ, ಅದು ಪದ್ಧತಿಯಲ್ಲ. ಸುಮ್ಮನೆ ಸೀನು ಬಂತು” ಎಂದಳು ಹೊಸಬಳು.

“ಮೊದಲೇ ಹೇಳಬಾರದಿತ್ತೇನೆ? ಗೀರಾಯಿತು. ಗೀರಿದ್ದನ್ನು ಅಳಿಸೋ ಹಾಗಿಲ್ಲ.”

ಮಾರನೆಯ ದಿನದಿಂದ ಇಪ್ಪತ್ತೊಂದು ಜನ ಮೂಗಿಗೆ ಚಿಟಿಕೆ ಮೆಣಸಿನಪುಡಿ ಏರಿಸಿಕೊಂಡು ಸೀನತೊಡಗಿದರು. ಮರಳಿನವಳಿಗೆ ಎಷ್ಟು ಏರಿಸಿದರೂ ಸೀನು ಬರುತ್ತಿರಲಿಲ್ಲ. ಅವಳಿಗೆ ಬರುವ ತನಕ ಉಳಿದವರು ಕಾಯಬೇಕಾಗಿತ್ತು. ಪ್ರಾರ್ಥನೆ ಇನ್ನಷ್ಟು ಉದ್ದವಾಯಿತು, ಹಾಲು ಇನ್ನಷ್ಟು ಕರಿದಾಯಿತು.

ಮನೆಯ ಯಜಮಾನಿ ಹಿರಿಯಮ್ಮನ ಬಳಿ ಹೋಗಿ ಹೊಸಬಳು, “ಹಾಗಾದರೆ ನನ್ನ ಪದ್ಧತಿ ಸೇರಿತಲ್ಲ, ಬಿಳಿ ಬಟ್ಟೆ ಕೊಟ್ಟುಬಿಡಿ” ಎಂದಳು.

ಹಿರಿಯಮ್ಮ ಮೂವತ್ತು ವರ್ಷದಿಂದ ಒಂದು ದಿನವೂ ಪ್ರಾರ್ಥನೆಯ ನಡುವೆ ಜಾಗ ಬಿಟ್ಟವಳಲ್ಲ. ಅವಳ ಮಂಡಿಗಳು ನೆಲದಲ್ಲಿ ಎರಡು ಗುಳಿ ಮಾಡಿದ್ದವು. “ಸೀನು ಎಲ್ಲ ನಾಡಿನಲ್ಲೂ ಇದೆ ಮಗು. ನಿನ್ನ ನಾಡಿನದು ಮಾತ್ರ ಆಗಿರೋದನ್ನು ತಾ” ಎಂದಳು.

ಏನು ತರುವುದು? ಅವಳ ನಾಡಿನಲ್ಲಿ ಪದ್ಧತಿಗೇನು ಬರವೇ? ಒಂದು ಕೇಳಿದರೆ ಹತ್ತು ಸಿಗುತ್ತದೆ. ರಂಗೋಲಿ ಬಿಡಿಸುವುದನ್ನು ತರಬಹುದು; ಇಪ್ಪತ್ತೊಂದು ಜನ ಚುಕ್ಕಿ ಇಡುವುದರಲ್ಲೇ ಬೆಳಿಗ್ಗೆ ಕಳೆಯುತ್ತದೆ. ನೂರೆಂಟು ಸುತ್ತು ಹಾಕುವುದನ್ನು ತರಬಹುದು. ಹಿರಿಯಮ್ಮ ಅರವತ್ತನೆಯ ಸುತ್ತಿಗೆ ಬಿದ್ದುಹೋಗುತ್ತಾಳೆ. ಯಾವುದನ್ನು ತಂದರೂ ಹಾಲಿಗೇ ಸಂಚಕಾರ. ತರದಿದ್ದರೆ ತನಗೆ. ಹೊಸಬಳು ಅತ್ತ ದರಿ ಇತ್ತ ಪುಲಿ ಅನ್ನುವ ಹಾಗೆ ತಿಂಗಳು ಕಳೆದಳು.

ಪಕ್ಕದಲ್ಲಿ ಕೂರುವ ಹಿಮದವಳು ಅವಳಿಗೆ ಗೆಳತಿಯಾಗಿದ್ದಳು. ಆ ಮನೆಯ ಮಾತು ಹಿಮದವಳಿಗೆ ಕಾಲುಭಾಗ ಬರುತ್ತಿತ್ತು, ಹೊಸಬಳಿಗೆ ಇನ್ನೊಂದು ಕಾಲುಭಾಗ. ಉಳಿದರ್ಧ ಕೈಬಾಯಿ ಸನ್ನೆ. “ಏನಾದರೂ ಸಣ್ಣದು ತಾರೇ ತಂಗಿ. ಒಂದು ಚಪ್ಪಾಳೆ, ಒಂದು ಆಕಳಿಕೆ” ಎಂದಳು ಹಿಮದವಳು.

“ಆಕಳಿಕೆ ನೀವಾಗಲೇ ಮಾಡ್ತೀರಲ್ಲ ಅಕ್ಕ, ನಾಲ್ಕನೇ ಚರಣದಲ್ಲಿ.”

“ಅದು ಪದ್ಧತಿಯಲ್ಲ, ನಿದ್ದೆ. ಬರೆಯುವಮ್ಮನ ಕಿವಿಗೆ ಬೀಳೋ ಹಾಗೆ ಹೇಳಬೇಡ.”

ಬಾಗಿಲಲ್ಲಿ ಕರಕಲು ಹಾಕುವ ಕೆಲಸವನ್ನು ಬಿಳಿ ಬಟ್ಟೆಗೆ ಮುಂಚೆಯೇ ಹೊಸಬಳಿಗೆ ಕೊಟ್ಟಿದ್ದರು, ಬೇರೆ ಯಾರಿಗೂ ಬೇಡವಾಗಿತ್ತು. ಸಾಲಿನ ಮುಂದೆ ದಿನಾ ಅದೇ ಒಬ್ಬ ತಾಯಿ ನಿಂತಿರುತ್ತಿದ್ದಳು. ಸೊಂಟದಲ್ಲಿ ಕೂಸು, ಕೈಯಲ್ಲಿ ಜಜ್ಜಿದ ತಂಬಿಗೆ, ಬಾಯಲ್ಲಿ ಖಾರ.

“ಏನಮ್ಮಾ, ಇವತ್ತು ಮೇಕೆ ಎಲ್ಲಾ ಇದ್ವಾ?” ಎಂದು ಕೇಳುವಳು.

“ಇದ್ವು.”

“ಸಂತೋಷ. ನಮ್ಮ ಕೂಸೂ ಇನ್ನೂ ಇದೆ. ಅದನ್ನೂ ಒಂದು ದಿನ ಎಣಿಸಿ.”

ಹೊಸಬಳು ಸೌಟಿನಿಂದ ತಳ ಕೆರೆದು ತಂಬಿಗೆಗೆ ಹಾಕುವಳು. ತಂಬಿಗೆಯ ತಾಯಿ ಮೂಸಿ ನೋಡಿ, “ದೇವರಿಗೆ ಸೀದದ್ದೇ ಪ್ರೀತಿಯೇನೋ. ಇದ್ದರೆ ಅವನೇ ಕುಡೀಲಿ, ಕೂಸಿಗ್ಯಾಕೆ?” ಎನ್ನುವಳು. ಕೂಸು ಬೆರಳು ಅದ್ದಿ ಚೀಪುವುದು, ಬಾಯಿಯ ಸುತ್ತ ಕಂದು ಮೀಸೆ ಮೂಡುವುದು. ಹೊಸಬಳಿಗೆ ತಾನು ಕುಡಿದ ಹದಿನಾಲ್ಕು ಮನೆಯ ಹಾಲು ನೆನಪಾಗುವುದು. ಒಂದು ಮನೆಯದೂ ಸೀದಿರಲಿಲ್ಲ.

ಹೀಗೆ ವರ್ಷ ಸವೆಯಿತು. ಒಂದು ಮಧ್ಯಾಹ್ನ ಸಮುದ್ರದ ಅಂಚಿನಲ್ಲಿ ದೋಣಿಯ ಹಾಯಿ ಕಂಡಿತು. ನಾಳೆ ಬೆಳಿಗ್ಗೆ ದಡಕ್ಕೆ ಬರುತ್ತದೆ, ಮಧ್ಯಾಹ್ನ ಹೊರಡುತ್ತದೆ.

“ನಾಳೆ ಹೋಗ್ತೀಯಂತೆ?” ಎಂದಳು ತಂಬಿಗೆಯ ತಾಯಿ.

“ಯಾರು ಹೇಳಿದರು?”

“ನಿನ್ನ ಮುಖವೇ ಹೇಳುತ್ತೆ. ಸೇರಿಸೋಕೆ ಏನೂ ಸಿಗಲಿಲ್ವಾ?”

“ಏನು ಸೇರಿಸಿದರೂ ಹಾಲು ಇನ್ನಷ್ಟು ಸೀಯುತ್ತೆ ಅಕ್ಕಾ.”

ತಾಯಿ ಕೂಸನ್ನು ಇನ್ನೊಂದು ಸೊಂಟಕ್ಕೆ ದಾಟಿಸಿಕೊಂಡಳು. “ನಾನೂ ದಿನಾ ದೇವರ ಮುಂದೆ ಕೂರ್ತೀನಮ್ಮಾ. ಒಲೆ ಮೇಲೆ ಏನಾದರೂ ಇದ್ದರೆ ನನಗೆ ಗೊತ್ತಾಗುತ್ತೆ, ಎದ್ದು ಹೋಗ್ತೀನಿ. ಇಷ್ಟೊಂದು ಪದ್ಧತಿ ಇಟ್ಕೊಂಡಿದ್ದೀರಿ, ಏಳೋ ಪದ್ಧತಿ ಒಂದಿಲ್ವಾ ನಿಮ್ಮಲ್ಲಿ?”

ಹೊಸಬಳ ಕೈಯ ಸೌಟು ನಿಂತಿತು. ಅವಳ ಕಣ್ಣ ಮುಂದೆ ಸೋದರತ್ತೆ ಬಂದು ಕೂತಳು: ಒದ್ದೆ ಕೂದಲು, ಮುಚ್ಚಿದ ಕಣ್ಣು, ಒಂದು ಕಿವಿ ದೇವರ ಕಡೆ, ಇನ್ನೊಂದು ಕಿವಿ ಒಲೆಯ ಕಡೆ. ವರ್ಷವಿಡೀ ಅತ್ತೆಯ ರಂಗೋಲಿಯನ್ನು, ಅತ್ತೆಯ ಸುತ್ತುಗಳನ್ನು ನೆನೆದಿದ್ದಳು. ಅತ್ತೆಯ ಕಿವಿಯನ್ನು ನೆನೆದಿರಲಿಲ್ಲ.

ಮರುದಿನ ಬೆಳಿಗ್ಗೆ ದೀಪದ ಮುಂದೆ ಹಿರಿಯಮ್ಮ ಕೇಳಿದಳು. “ತಂದಿದ್ದೀಯಾ?”

“ತಂದಿದ್ದೀನಿ ಹಿರಿಯಮ್ಮ. ಹೊತ್ತು ಬಂದಾಗ ಸೇರಿಸ್ತೀನಿ.”

ದೀಪ ಹೊತ್ತಿತು, ಒಲೆ ಹೊತ್ತಿತು, ತಪ್ಪಲೆ ಕೂತಿತು. ಕಾಲು ಕುಟ್ಟಿದರು, ಮರಳಿನಲ್ಲಿ ತೊಳೆದರು, ನೀರಿನಲ್ಲಿ ತೊಳೆದರು. ನಿಂತರು, ಮಂಡಿಯೂರಿದರು. ಶಂಖ ಊದಿ ಕಾದರು, ಕಾಗೆ ಕೂಗಿತು. ಮೂರನೆಯ ಚರಣಕ್ಕೆ ಸೀನಿದರು, ಮರಳಿನವಳಿಗಾಗಿ ಕಾದರು, ಅವಳೂ ಸೀನಿದಳು. ಆಮೇಲೆ ಎಡಭುಜದ ಮೇಲಿಂದ ಹಿಂದೆ ನೋಡಿದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು.

ಅಡುಗೆಮನೆಯಿಂದ ಸಣ್ಣದೊಂದು ಸದ್ದು ಬಂತು. ಉಕ್ಕುವುದಕ್ಕೆ ಮುಂಚೆ ಹಾಲು ಮಾಡುವ ಸದ್ದು. ಅಷ್ಟು ಜನರಲ್ಲಿ ಯಾರಿಗೂ ಕೇಳಿಸಲಿಲ್ಲವೆಂದರೆ ಸುಳ್ಳು. ಎಲ್ಲರ ಕಿವಿಯೂ ನಿಮಿರಿತು. ಎಲ್ಲರೂ “ಏಳು” ಎಂದರು.

ಏಳಕ್ಕೆ ಸರಿಯಾಗಿ ಹೊಸಬಳು ಎದ್ದಳು. ದೀಪದ ಕಡೆ ತಿರುಗಿ ತನ್ನ ನಾಡಿನ ಮಾತಿನಲ್ಲಿ ಏನೋ ಗೊಣಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಗೆ ನಡೆದಳು.

ಇಪ್ಪತ್ತು ಬಾಯಿಯಲ್ಲಿ ಎಂಟನೆಯ ಮೇಕೆ ಸಿಕ್ಕಿಹಾಕಿಕೊಂಡಿತು. ಆ ಮೌನದಲ್ಲಿ ಕರ್ ಕರ್ ಎಂಬ ಸದ್ದು. ಬರೆಯುವಮ್ಮ ಗೀರುತ್ತಿದ್ದಳು.

“ಏನು ಬರೀತಿದ್ದೀಯ?” ಎಂದಳು ಹಿರಿಯಮ್ಮ. ಮೂವತ್ತು ವರ್ಷದಲ್ಲಿ ಪ್ರಾರ್ಥನೆಯ ನಡುವೆ ಅವಳಾಡಿದ ಮೊದಲ ಮಾತು ಅದು.

“ಹಾಲುಕ್ಕುವ ಹೊತ್ತಿಗೆ ಏಳುವುದು.”

“ಅದು ಪದ್ಧತಿಯಲ್ಲ, ಅಡ್ಡಿ.”

“ಗೀರಾಯಿತು ಅಮ್ಮಾ. ಅಳಿಸೋ ಹಾಗಿಲ್ಲ” ಎಂದು ಬರೆಯುವಮ್ಮ ಓಲೆಗರಿಯನ್ನು ಊದಿ ಪುಡಿ ಹಾರಿಸಿದಳು. ಅವಳೂ ಹದಿನೆಂಟು ವರ್ಷದಿಂದ ಆ ಕರಕಲನ್ನೇ ಕುಡಿಯುತ್ತಿದ್ದವಳು.

ಗೀರಿದ ಮೇಲೆ ಮಾಡಲೇಬೇಕಲ್ಲ. ಹಿಮದವಳು ಮೊದಲು ಎದ್ದಳು, ಮಂಡಿ ಲಟಕ್ಕೆಂದಿತು. ದ್ವೀಪದವಳು ಎದ್ದಳು. ಮರಳಿನವಳು ಇನ್ನೊಂದು ಸೀನು ಸೀನಿ ಎದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಗುಂಪುಗೂಡಿದರು. ಹೊಸಬಳು ಆಗಲೇ ಉರಿ ತಗ್ಗಿಸಿ, ಒದ್ದೆ ಬಟ್ಟೆಯಲ್ಲಿ ತಪ್ಪಲೆ ಹಿಡಿದು ಇಳಿಸಿ, ಹಿತ್ತಲ ಬಾಗಿಲಿಗೆ ಹೋಗಿ ಕೂಗು ಹಾಕಿದ್ದಳು. ಊರಿನ ತಾಯಂದಿರು ಇಷ್ಟು ಬೇಗ ಕರೆ ಬಂದದ್ದು ಕಂಡು, ಯಾರೋ ಸತ್ತಿರಬೇಕೆಂದು ಓಡಿ ಬಂದರು.

ತಂಬಿಗೆಯ ತಾಯಿ ತಪ್ಪಲೆಗೆ ಬಗ್ಗಿ ನೋಡಿದಳು. “ಇದೇನಮ್ಮಾ ಇಷ್ಟು ಬೆಳ್ಳಗಿದೆ?”

“ಹಾಲು ಹೀಗೇ ಇರೋದು ಅಕ್ಕಾ.”

ಕೂಸು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ ತಾಯಿಯ ಹೆಗಲ ಮೇಲೆ ಉಗುಳಿತು. ಕರಕಲಿಗೆ ಒಗ್ಗಿದ ನಾಲಿಗೆ. ಆಮೇಲೆ ಸ್ವಲ್ಪ ಯೋಚಿಸಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡಿತು.

ಅಷ್ಟರಲ್ಲಿ ಹಿರಿಯಮ್ಮ ಗೋಡೆ ಹಿಡಿದುಕೊಂಡು ಬಂದಳು. ಎಲ್ಲರೂ ದಾರಿ ಬಿಟ್ಟರು.

“ಇದೇನಾ ನೀನು ತಂದದ್ದು?”

“ಹೌದು ಹಿರಿಯಮ್ಮ. ನಮ್ಮತ್ತೆ ಹೀಗೇ ಏಳುತ್ತಿದ್ದಳು. ಏನನ್ನೂ ಕಳೆದಿಲ್ಲ ನಾನು. ಹಾಲು ಹಾಕಿ ಬಂದು ಎಂಟನೇ ಮೇಕೆಯಿಂದ ಮುಂದುವರಿಸೋದೇ.”

ಹಿಮದವಳಿಗೆ ಗೆಳತಿಯ ಪರವಾಗಿ ಒಂದು ಮಾತು ಆಡಬೇಕೆನಿಸಿತು. “ನಿಜ ಅಮ್ಮಾ, ಒಳ್ಳೆ ಪದ್ಧತಿ. ನಮ್ಮಜ್ಜಿಯೂ ಏಳುತ್ತಿದ್ದಳು” ಎಂದಳು.

“ನಮ್ಮವ್ವನೂ ಅಷ್ಟೇ” ಎಂದಳು ಮರಳಿನವಳು. “ಒಂಟೆಯ ಹಾಲು. ಬೇಗ ಉಕ್ಕುತ್ತೆ.”

“ನಮ್ಮ ದ್ವೀಪದಲ್ಲೂ” ಎಂದಳು ದ್ವೀಪದವಳು. ನಮ್ಮಲ್ಲೂ, ನಮ್ಮಲ್ಲೂ ಎಂದು ಹೊಸ್ತಿಲ ತುಂಬ ಅಜ್ಜಿಯರು, ಅವ್ವಂದಿರು ಎದ್ದು ನಿಂತರು.

ಹೊಸಬಳು ಹಲ್ಲು ಕಚ್ಚಿ ಹಿಮದವಳ ಕಡೆ ನೋಡಿದಳು. ಸಹಾಯವೆಂದರೆ ಇದು.

ಹಿರಿಯಮ್ಮ ತಲೆಯಾಡಿಸಿದಳು. “ಕೇಳಿದೆಯಲ್ಲ ಮಗು. ಇದೂ ಸೀನಿನ ಹಾಗೇ, ಎಲ್ಲ ನಾಡಿನಲ್ಲೂ ಇದೆ. ಗೀರಾಗಿದೆ, ಇರಲಿ, ಏಳುತ್ತೇವೆ. ಆದರೆ ಇದು ನಿನ್ನದಲ್ಲ. ನಿನ್ನದು ಅನ್ನೋದೇನೂ ನೀನು ತರಲಿಲ್ಲ. ದೋಣಿ ಮಧ್ಯಾಹ್ನಕ್ಕೆ ಹೊರಡುತ್ತೆ.”

ಸಾಲಿನಲ್ಲಿ ಇನ್ನೂ ಆರು ತಂಬಿಗೆ ಬಾಕಿಯಿತ್ತು. ಹೋಗುವವಳಾದರೂ ಅವಕ್ಕೆ ಹಾಕಿಯೇ ಹೋಗಬೇಕೆಂದು ಹೊಸಬಳು ಸೌಟು ಎತ್ತಿಕೊಂಡಳು. ಕಣ್ಣು ಮಂಜಾಗಿತ್ತು, ಆದರೂ ಒಂದು ಹನಿ ಚೆಲ್ಲಲಿಲ್ಲ.

ಆಗ ಬರೆಯುವಮ್ಮ ಕೆಮ್ಮಿದಳು. “ಅಮ್ಮಾ, ಏಳುವಾಗ ಇವಳು ದೀಪಕ್ಕೆ ಏನೋ ಅಂದಳು. ಸದ್ದು ಕೇಳಿದ ಹಾಗೇ ಅದನ್ನೂ ಗೀರಿದ್ದೀನಿ. ಅರ್ಥ ಗೊತ್ತಿಲ್ಲ.”

“ಏನಂದೆ?” ಎಂದಳು ಹಿರಿಯಮ್ಮ.

ಹೊಸಬಳಿಗೆ ಮುಖ ಬಿಸಿಯಾಯಿತು. ಅದು ತಾನು ಬೇಕೆಂದು ಆಡಿದ್ದಲ್ಲ, ಎದ್ದ ಕೂಡಲೇ ಬಾಯಿಗೆ ತಾನಾಗಿ ಬಂದದ್ದು. “ಅದು... ನಮ್ಮತ್ತೆ ಏಳುವಾಗ ಹೇಳೋಳು. ‘ಸ್ವಲ್ಪ ನೋಡ್ಕೊಂಡಿರಪ್ಪಾ, ಬಂದೆ’ ಅಂತ.”

“ಯಾರಿಗೆ?”

“ದೇವರಿಗೆ.”

“ದೇವರಿಗೇ ಕೆಲಸ ಹೇಳುತ್ತಿದ್ದಳೇ ನಿಮ್ಮತ್ತೆ?”

“ಮನೇಲಿ ದೊಡ್ಡವರು ಅಂತ ಇದ್ದದ್ದು ಅವರಿಬ್ಬರೇ ಹಿರಿಯಮ್ಮ. ಒಬ್ಬರು ಎದ್ದರೆ ಇನ್ನೊಬ್ಬರಿಗೆ ಹೇಳಿ ಏಳಬೇಕಲ್ಲ?”

“ಅವನು ನೋಡಿಕೊಳ್ಳುತ್ತಿದ್ದನೇ?”

ಹೊಸಬಳು ನೆನಪು ಮಾಡಿಕೊಂಡಳು. “ದೀಪ ಯಾವತ್ತೂ ಆರಿರಲಿಲ್ಲ. ಒಂದು ಸಲ ಬೆಕ್ಕು ನೈವೇದ್ಯ ತಿಂದಿತ್ತು. ಅತ್ತೆ ಬೈದಳು.”

“ಬೆಕ್ಕಿಗೋ?”

“ಇಬ್ಬರಿಗೂ.”

ಹಿರಿಯಮ್ಮನ ಮುಖದಲ್ಲಿ ಏನೋ ನಡೆಯಿತು. ಸೀನು ಬರುತ್ತಿದೆಯೇನೋ ಎಂದುಕೊಂಡರು ಎಲ್ಲರೂ. ಅವಳು ಹೊಸ್ತಿಲ ಕಡೆ ತಿರುಗಿ, “ಇದು ನಿಮ್ಮಲ್ಲಿ ಯಾರಿಗಾದರೂ ಇದೆಯೇ?” ಎಂದು ಕೇಳಿದಳು.

ಹಿಮದವಳು ಬಾಯಿ ತೆರೆದಳು. ಮರಳಿನವಳು ಅಂಗೈಯಿಂದ ಆ ಬಾಯಿಯನ್ನು ಮುಚ್ಚಿದಳು. ಮತ್ತಾರೂ ಮಾತಾಡಲಿಲ್ಲ. ದೇವರ ಮುಂದೆ ಸೀನಲು, ಕುಟ್ಟಲು, ಊದಲು, ಎಣಿಸಲು ಗೊತ್ತಿದ್ದ ಅಷ್ಟು ನಾಡುಗಳಲ್ಲಿ, ದೇವರನ್ನು ಒಂದು ಗಳಿಗೆ ಮನೆ ಕಾಯಲು ಬಿಟ್ಟು ಬಂದವರು ಯಾರೂ ಇರಲಿಲ್ಲ.

“ಹಾಗಾದರೆ ಇವಳದೇ” ಎಂದಳು ಹಿರಿಯಮ್ಮ. ಆಮೇಲೆ ಕೈ ಮುಂದೆ ಚಾಚಿದಳು. “ಆ ಸೌಟು ಇಲ್ಲಿ ಕೊಡು. ನೀನು ಹೋಗಿ ಬಿಳಿ ಬಟ್ಟೆ ಉಟ್ಕೊಂಡು ಬಾ. ಅಷ್ಟೊತ್ತು ನಾನು ಹಾಕ್ತಿರ್ತೀನಿ.”

“ಕೈ ನಡುಗೀತು ಅಮ್ಮಾ, ಚೆಲ್ಲಬೇಡಿ” ಎಂದು ತಂಬಿಗೆಯ ತಾಯಿ ತಂಬಿಗೆಯನ್ನು ಹತ್ತಿರ ಹಿಡಿದಳು.

ಮಧ್ಯಾಹ್ನ ದೋಣಿ ಹೊರಟಿತು. ಅದರಲ್ಲಿ ಅತ್ತೆಗೆಂದು ಒಂದು ಪೊಟ್ಟಣ ಮೆಣಸಿನಪುಡಿ ಹೋಯಿತು, ಯಾಕೆಂದು ಬರೆದಿರಲಿಲ್ಲ.

ಅಲ್ಲಿಂದಾಚೆಗೆ ದೀಪದ ಮನೆಯಲ್ಲಿ ಏನನ್ನೂ ಕಳೆದಿಲ್ಲ. ಈಗಲೂ ಕಾಲು ಕುಟ್ಟುತ್ತಾರೆ. ಕೊಟ್ಟಿಗೆಯಿಂದ ಹಾಲು ತಂದ ಕಾಲು, ಸಗಣಿ ಉದುರುತ್ತದೆ. ಈಗಲೂ ಮರಳು ಉಜ್ಜುತ್ತಾರೆ. ಹಾಲಿನ ಜಿಡ್ಡು ಬಿಡಲು ಅದಕ್ಕಿಂತ ಒಳ್ಳೆಯದಿಲ್ಲ. ಈಗಲೂ ಶಂಖ ಊದುತ್ತಾರೆ. ದಿಬ್ಬದ ಕೆಳಗಿನಿಂದ ತಾಯಂದಿರು ತಂಬಿಗೆ ಬಡಿದು ಮರುದನಿ ಕೊಡುತ್ತಾರೆ, ಕಾಗೆಗೆ ಕೆಲಸ ತಪ್ಪಿದೆ. ಸೀನಿಗೆ ಮಾತ್ರ ಇನ್ನೂ ಒಂದು ಕಾರಣ ಸಿಕ್ಕಿಲ್ಲ. ಇರಲಿ ಪಾಪ, ಅದೂ ಇರಲಿ.

ಏಳನೆಯ ಮೇಕೆಯ ಹೊತ್ತಿಗೆ ಹಾಲು ಸದ್ದು ಮಾಡುತ್ತದೆ. ಇಪ್ಪತ್ತೊಂದು ಜನ ದೀಪದ ಕಡೆ ತಿರುಗಿ, ಬಾರದ ನಾಲಿಗೆಯನ್ನು ಹೊರಳಿಸಿಕೊಂಡು, “ಸ್ವಲ್ಪ ನೋಡ್ಕೊಂಡಿರಪ್ಪಾ, ಬಂದ್ವಿ” ಎನ್ನುತ್ತಾರೆ. ಹಿರಿಯಮ್ಮನ ದನಿ ಎಲ್ಲರಿಗಿಂತ ಜೋರು. ಆಮೇಲೆ ಎಲ್ಲರೂ ಎದ್ದು ಅಡುಗೆಮನೆಗೆ ನುಗ್ಗುತ್ತಾರೆ, ಸೌಟಿಗೆ ಜಗಳಾಡುತ್ತಾರೆ.

ಖಾಲಿ ಹಜಾರದಲ್ಲಿ ದೇವರು ಒಬ್ಬನೇ, ಎಣಿಸಿದ ಏಳು ಮೇಕೆ, ಎಣಿಸದ ನಾಲ್ಕು ಮೇಕೆಗಳನ್ನು ನೋಡಿಕೊಂಡು ಕೂತಿರುತ್ತಾನೆ.